ತವರು ಕಂಡದ್ದು, ಅತ್ತೆಮನೆ ಕಂಡದ್ದು

ತುಪ್ಪದಲ್ಲಿ ಅಂಟು ಹುರಿಯುವ ವಾಸನೆ ನಿಮಗೆ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಬಾಣಂತಿ ಇರುವ ಯಾವುದಾದರೂ ಮನೆಯ ಮುಂದೆ ಸುಮ್ಮನೆ ಹಾಯ್ದುಹೋಗಿ, ಅದೇ ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ. ಮೊನ್ನೆ ಕಲಬುರಗಿಯ ಗಾಜಿಪುರದ ನಮ್ಮ ಮನೆಯಲ್ಲಿ, ಬಾಣಂತನಕ್ಕೆ ಬಂದ ಮಗಳಿಗೆ ಅಂಟಿನುಂಡೆ ಮಾಡಲು ಒಲೆಯ ಮುಂದೆ ನಿಂತಿದ್ದೆ. ಒಳಗಿನ ಕೋಣೆಯಿಂದ ಅವಳು ಕೂಗಿದಳು:

"ಮಮ್ಮಿ, ಈ ಅಗ್ಗಿಷ್ಟಿಗಿ ಹೊರಗ ಇಡು. ಫ್ಯಾನ್ ಹಚ್ಚು. ಮೈಯೆಲ್ಲಾ ಉರಿಯಾಕತ್ತದ."

ಹೊರಗೆ ಸಂಕ್ರಾಂತಿಯ ಹೊತ್ತಿನ ಚಳಿ. ನಾನು ಒಲೆ ಆರಿಸಿಬಿಟ್ಟೆ. ಇವಳನ್ನು ಹೆತ್ತ ವರ್ಷ, ಇಂಥದೇ ಚಳಿಯಲ್ಲಿ, ತವರೂರು ಕಮಲಾಪುರದಲ್ಲಿ ನಮ್ಮ ಅವ್ವನಿಗೆ ನಾನು ಇದೇ ಮಾತು ಅಂದಿದ್ದೆ.

ಅವ್ವನ ಬಾಣಂತನ ಅಂದರೆ ಬಿಗಿ ಬಂದೋಬಸ್ತು. ಮಂಚದ ಕೆಳಗೆ ಕೆಂಡ, ಕಿವಿಯಲ್ಲಿ ಅರಳೆ, ತಲೆಗೆ ಬಟ್ಟೆ, ಕುಡಿಯಲು ಅಜವಾನದ ನೀರು. ಊರ ತುಂಬ ಕೆಂಪು ಬಾಳೆಹಣ್ಣು ತೂಗುತ್ತಿದ್ದರೂ ನನ್ನ ಪಾಲಿಗೆ ಮಾತ್ರ ಅದು ಥಂಡಿ. ಎರಡು ತಿಂಗಳು ಕಳೆಯುವಷ್ಟರಲ್ಲಿ ನಾನು ವಿಚಿತ್ರವಾಗತೊಡಗಿದೆ. ಎದೆ ಡಬಡಬ ಹೊಡೆದುಕೊಳ್ಳುವುದು, ಬಟ್ಟಲು ಹಿಡಿದರೆ ಕೈ ನಡುಗುವುದು. ಉಂಡಷ್ಟೂ ಮೈ ಇಳಿಯುತ್ತಿತ್ತು. ನಸುಕಿನಲ್ಲೇ ಎದ್ದು ಅಂಗಳ ಗುಡಿಸಿ, ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಿದ್ದೆ. ಹಾಲಿನವನು ಗೇಟು ಜೋರಾಗಿ ಹಾಕಿದನೆಂದು ಅವನ ಮೇಲೆ ಹರಿಹಾಯ್ದು, ಆಮೇಲೆ ನಾನೇ ಅತ್ತಿದ್ದೆ. ಪಾಪ, ಅವನು ಮರುದಿನದಿಂದ ಗೇಟಿನ ಹೊರಗೇ ಹಾಲಿಟ್ಟು ಹೋಗುತ್ತಿದ್ದ.

ಅವ್ವನಿಗೆ ಇದರಲ್ಲಿ ರೋಗವೇನೂ ಕಾಣಲಿಲ್ಲ. "ಕೂಸು ಹಾಲು ಕುಡದು ಮೈ ಕರಗ್ಯಾದ. ಹಡದ ಮೈಯಾಗ ಕಾವು ಇರತದವಾ," ಅಂದು ಉಂಡೆಗೆ ಇನ್ನಷ್ಟು ತುಪ್ಪ ಸುರಿದಳು. ಮಗಳು ಚುರುಕಾಗಿದ್ದಾಳೆ ಎಂದು ಅವಳಿಗೆ ಒಳಗೊಳಗೆ ಹಿಗ್ಗೂ ಇತ್ತು.

ನಮ್ಮ ಕಡೆಯ ಪದ್ಧತಿ ನಿಮಗೆ ಹೇಳಬೇಕು. ಬಾಣಂತಿಯ ಮನೆಗೆ ಬೀಗರು ತೊಟ್ಟಿಲ ಕಾರ್ಯಕ್ಕೆ ಬರುತ್ತಾರೆ, ಉಣ್ಣುತ್ತಾರೆ, ಅಂದೇ ಹೊರಡುತ್ತಾರೆ. ಅಲ್ಲಿ ಉಳಿಯುವುದು ಮರ್ಯಾದೆಯಲ್ಲ. ಐದನೆಯ ತಿಂಗಳಲ್ಲಿ ತೊಟ್ಟಿಲ ಸಮೇತ ಕೂಸನ್ನೂ ತಾಯಿಯನ್ನೂ ಗಂಡನ ಮನೆಗೆ ಮುಟ್ಟಿಸುತ್ತಾರೆ. ಆಮೇಲೆ ತವರಿನವರೂ ಅಷ್ಟೇ, ಬಂದರೆ ಚಹಾ ಕುಡಿದು ಬಸ್ಸು ಹಿಡಿಯುವವರು. ಹೀಗಾಗಿ ಹೆತ್ತವಳ ಮೊದಲ ತಿಂಗಳುಗಳನ್ನು ಒಂದು ಮನೆ ನೋಡುತ್ತದೆ, ಉಳಿದವನ್ನು ಇನ್ನೊಂದು ಮನೆ.

ನನ್ನನ್ನು ಕಲಬುರಗಿಗೆ ಕಳಿಸುವ ಹೊತ್ತಿಗೆ ಬೇಸಿಗೆ ಶುರುವಾಗಿತ್ತು. ಇಲ್ಲಿಯ ಬೇಸಿಗೆಯ ಬಗ್ಗೆ ನಾನೇನು ಹೇಳಲಿ, ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಆ ಬಿಸಿಲಿನಲ್ಲಿ ನನಗೆ ಚಳಿ ಹತ್ತಿತು. ಇಡೀ ಗಾಜಿಪುರದಲ್ಲಿ ಉರಿಬಿಸಿಲಲ್ಲಿ ಸ್ವೆಟರ್ ತೊಟ್ಟು ಓಡಾಡಿದ ಹೆಂಗಸು ನಾನೊಬ್ಬಳೇ ಇರಬೇಕು. ಓಡಾಡಿದ ಅಂದೆನೇ? ಓಡಾಟ ಎಲ್ಲಿಯದು! ಕೂತಲ್ಲಿ ನಿದ್ದೆ. ಮುಖ ಊದಿತು, ದನಿ ಒಡೆಯಿತು, ಬಾಚಣಿಗೆಯ ತುಂಬ ಕೂದಲು. ಜೋಳದ ಹಿಟ್ಟು ನಾದಲು ಕೂತವಳು ಹಿಟ್ಟಿನಲ್ಲಿ ಕೈಯಿಟ್ಟುಕೊಂಡೇ ತೂಕಡಿಸುತ್ತಿದ್ದೆ. ಅತ್ತೆ ಬಂದು ಮಾತಿಲ್ಲದೆ ಪರಾತವನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು. ಆ ಮೌನ ನನ್ನನ್ನು ಬೈಗುಳಕ್ಕಿಂತ ಹೆಚ್ಚು ಹಿಂಡುತ್ತಿತ್ತು.

ಅವ್ವ ಮತ್ತು ಅತ್ತೆ ಹೆಸರಿಗೆ ಬೀಗಿತ್ತಿಯರು, ಇದ್ದದ್ದು ಗೆಳತಿಯರ ಹಾಗೆ. ಅವ್ವ ಬಂದಾಗಲೆಲ್ಲ ಅತ್ತೆಗೆಂದು ಕೆಂಪು ಬಾಳೆಹಣ್ಣು ತರುತ್ತಿದ್ದಳು. ಇಬ್ಬರೂ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಏನೇನೋ ಹೇಳಿಕೊಂಡು ನಗುತ್ತಿದ್ದರು. ಅಂದೂ ಅವ್ವ ಹಣ್ಣಿನ ಬುಟ್ಟಿ ಹೊತ್ತೇ ಬಂದಳು. ನನ್ನ ಊದಿದ ಮುಖ ನೋಡಿ ಬುಟ್ಟಿ ಇಳಿಸುವುದನ್ನೇ ಮರೆತಳು.

"ಏನ ಮಾಡೀರಿ ನನ್ನ ಮಗಳಿಗೆ? ನಮ್ಮ ಮನ್ಯಾಗ ಕಾಲಿಗೆ ಗಾಲಿ ಕಟಗೊಂಡಂಗ ತಿರಗತಿದ್ಲು!"

ತಿಂಗಳುಗಟ್ಟಲೆ ಸುಮ್ಮನಿದ್ದ ಅತ್ತೆಗೂ ಸಿಟ್ಟು ನೆತ್ತಿಗೇರಿತು. "ನಾವೇನ ಮಾಡೇವ್ರಿ? ಕುಂತಲ್ಲೇ ಉಣಿಸಿ, ಮೈಗಳ್ಳಿ ಮಾಡಿ ಕಳಿಸೀರಿ ನೀವು."

ಇಬ್ಬರೂ ತಮ್ಮ ಕಣ್ಣಾರೆ ಕಂಡದ್ದನ್ನೇ ಹೇಳಿದ್ದರು. ಅದೇ ನೋಡಿ ದುರಂತ. ಅವ್ವ ನೀರು ಕೂಡ ಮುಟ್ಟದೆ ಮೆಟ್ಟಿಲಿಳಿದಳು.

ಕೆಲವು ದಿನಗಳ ನಂತರ ನನ್ನ ಯಜಮಾನರು ನನ್ನನ್ನು ಡಾಕ್ಟರ ಬಳಿ ಕರೆದೊಯ್ದರು. ಅತ್ತೆಯೂ ಬಂದರು. ಡಾಕ್ಟರಮ್ಮ ನನ್ನ ಕುತ್ತಿಗೆ ಮುಟ್ಟಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಹೆರಿಗೆಯಾದಾಗಿನಿಂದ ಏನೇನಾಯಿತೆಂದು ಕೇಳಿದರು. ಆಮೇಲೆ ಅತ್ತೆಗೇ ತಿಳಿಯುವಂತೆ ಹೇಳಿದರು:

"ಇಲ್ಲಿ ಥೈರಾಯ್ಡ್ ಅಂತ ಗ್ರಂಥಿ ಅದರೀ. ಹಡದ ಮ್ಯಾಲ ಕೆಲವರಿಗೆ ಅದಕ್ಕ ಬಾವು ಬರತದ. ಮದಲ ಅದರಾಗ ಕೂಡಿದ್ದೆಲ್ಲಾ ಸೋರಿ ರಕ್ತಕ್ಕ ಸೇರತದ. ಆಗ ಸೆಕಿ, ಸಿಟ್ಟು, ಎದಿ ಹಾರೋದು. ಕೂಡಿದ್ದು ತೀರಿತು, ಹೊಸಾದು ಮಾಡಾಕ ಅದಕ್ಕ ಶಕ್ತಿ ಇರಂಗಿಲ್ಲ. ಆಗ ಚಳಿ, ನಿದ್ದಿ, ಬಾವು. ಎರಡೂ ಒಂದೇ ಬ್ಯಾನಿರೀ ಅಮ್ಮಾ."

ಬರುವಾಗ ಆಟೋದಲ್ಲಿ ಅತ್ತೆ ತಮ್ಮ ಸೆರಗನ್ನು ನನ್ನ ಹೆಗಲ ಮೇಲೂ ಹೊದಿಸಿಕೊಂಡು ಕೂತರು. ಗುಳಿಗೆಯಿಂದ ನಾನು ಮೆಲ್ಲಗೆ ನಾನಾದೆ. ವರ್ಷ ಕಳೆದ ಮೇಲೆ ಗುಳಿಗೆಯೂ ನಿಂತಿತು.

ನಿಂತೇ ಹೋದದ್ದು ಅವ್ವ, ಅತ್ತೆ ಇಬ್ಬರ ನಡುವಿನ ಮಾತು. ಯಜಮಾನರು ಕಮಲಾಪುರಕ್ಕೆ ಹೋಗಿ ಎಲ್ಲ ಬಿಡಿಸಿ ಹೇಳಿದರು. ಅವ್ವ ಕೇಳಿಸಿಕೊಂಡು, "ಬ್ಯಾನಿ ತಿಳೀತಪಾ. ಆಡಿದ ಮಾತಿಗಿ ಯಾವ ಗುಳಗಿ?" ಅಂದಳಂತೆ. ಆಮೇಲೆ ಅವಳು ಕಲಬುರಗಿಗೆ ಬಂದರೂ ಊರಂಚಿನ ಕೋಟನೂರಿನಲ್ಲಿದ್ದ ನನ್ನ ಚಿಕ್ಕಮ್ಮನ ಮನೆಯಲ್ಲಿ ಇಳಿದು, ಮೊಮ್ಮಗಳನ್ನು ಅಲ್ಲಿಗೇ ಕರೆಸಿಕೊಳ್ಳುತ್ತಿದ್ದಳು. ಅತ್ತೆ ಕಮಲಾಪುರಕ್ಕೆ ಕಾಲಿಟ್ಟದ್ದು ಅವ್ವ ತೀರಿಕೊಂಡ ದಿನ. ಅವ್ವನ ಕಾಲ ಬಳಿ ಕೂತಿದ್ದರು, ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಎಂಥ ಕಲ್ಲು ಮನಸ್ಸು, ಎಂಥ ಹಟ ಎಂದು ಅಂದು ನನಗೆ ಅನ್ನಿಸಿತ್ತು. ಆ ಅನ್ನಿಸಿಕೆ ಮೊನ್ನೆಯವರೆಗೂ ಹೋಗಿರಲಿಲ್ಲ. ಒಂದು ಗ್ರಂಥಿಯ ಬಾವು ವರ್ಷದಲ್ಲಿ ಇಳಿಯಿತು, ಎರಡು ಮನೆಯ ನಡುವಿನದು ಇಳಿಯಲೇ ಇಲ್ಲವಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ನಾನು ಒಲೆ ಆರಿಸಿದ ಮರುದಿನವೇ ಮಗಳನ್ನು ಪರೀಕ್ಷೆಗೆ ಕರೆದೊಯ್ದೆವು. ಅವಳಿಗೂ ಅದೇ ಬಾವು. ಸದ್ಯ ಎದೆಬಡಿತಕ್ಕಷ್ಟೇ ಗುಳಿಗೆ, ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ, ಮುಂದೆ ನನಗಾದ ಹಾಗೆ ಚಳಿ, ನಿದ್ದೆಯ ಕಡೆಗೆ ತಿರುಗಿದರೂ ತಿರುಗಬಹುದು ಎಂದರು. ಮನೆಗೆ ಬಂದವಳೇ ಬೀದರಿನಲ್ಲಿರುವ ಅವಳ ಅತ್ತೆಗೆ ಫೋನು ಹಚ್ಚಿದೆ.

"ಅಕ್ಕಾರ, ನೀವು ಬರ್ರಿ. ಒಂದೆಂಟು ದಿನ ಇಲ್ಲೇ ಇರ್ರಿ."

"ಬಾಣಂತಿ ಮನ್ಯಾಗ ನಾವು ಉಳಿಯೋದು ಹ್ಯಾಂಗ್ರೀ? ಮಂದಿ ಏನಂದಾರು?"

"ಮಂದಿ ಅನ್ಲಿ ಬಿಡ್ರಿ. ಈಗ ಹ್ಯಾಂಗ ಅದಾಳ ಅಂತ ನೀವೂ ನೋಡಬೇಕು. ನಾನೂ ಆಮ್ಯಾಲ ನಿಮ್ಮ ಮನಿಗಿ ಬಂದು ಇರತೇನಿ."

ಆ ಕಡೆ ಅವರು ಯಾರನ್ನೋ ಬಸ್ಸಿನ ಹೊತ್ತು ಕೇಳುವುದು ಕೇಳಿಸಿತು. ಆಮೇಲೆ, "ನಾಳಿ ಮುಂಜಾನಿ ಬಸ್ಸಿಗಿ ಬರತೇನ್ರಿ," ಅಂದರು.

ಫೋನು ಇಟ್ಟು ತಿರುಗಿದರೆ ನನ್ನ ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಈಗ ಅವರಿಗೆ ಕಿವಿ ಮಂದ. ಆದರೂ ಎಲ್ಲ ಕೇಳಿಸಿತ್ತು. ಗದರುತ್ತಾರೇನೋ ಎಂದು ಕಾದೆ. ಅವರು ನೆಲ ನೋಡುತ್ತ ಮೆಲ್ಲಗೆ ಅಂದರು:

"ಆಗ ಹಿಂಗ ಯಾರರೆ ನನ್ನ ಕರದಿದ್ರ, ಕಾಲಾಗ ಚಪ್ಪಲಿ ಸೈತ ಹಾಕ್ಕೊಳ್ದ ಹೋಗತಿದ್ನವಾ ಕಮಲಾಪುರಕ್ಕ."