ಶಿವನ ಮೇಲಿಂದ ಇಳಿದ ಜೇನು

ಓಬಯ್ಯನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಭದ್ರಾವತಿ ಹತ್ತಿರದ ಒಂದು ಸಣ್ಣ ಪಶು ಆಸ್ಪತ್ರೆಗೆ ನಾನು ಹೊಸ ಡಾಕ್ಟರಾಗಿ ಬಂದಾಗ ಅವನು ಅಲ್ಲಿ ಇಪ್ಪತ್ತೆರಡು ವರ್ಷದ ಹಳೆಯ ಅಟೆಂಡರ್. ಬಾಯಿ ಬಿಟ್ಟರೆ ಬೈಗುಳ. ದನ ಕರೆತಂದವರಿಗೆ ಬೈಯುತ್ತಿದ್ದ, ನನಗೂ ಬೈಯುತ್ತಿದ್ದ. ದನಗಳಿಗೆ ಮಾತ್ರ ಎಂದೂ ಬೈದವನಲ್ಲ. ಅದೂ ನನಗೆ ಸಿಟ್ಟು ತರಿಸುತ್ತಿತ್ತು.

1999ರ ಬೇಸಿಗೆಯಲ್ಲಿ ಈಶ್ವರಮ್ಮ ಎಂಬವರು ಹೊಟ್ಟೆ ಉಬ್ಬಿ ಮೇವು ಬಿಟ್ಟಿದ್ದ ತಮ್ಮ ಹಸುವನ್ನು ಹೊಡೆದುಕೊಂಡು ಬಂದರು. ಗಂಡ ಇಲ್ಲ, ಆ ಒಂದು ಹಸುವಿನ ಹಾಲಿನಿಂದಲೇ ಮನೆ ನಡೆಯುತ್ತಿತ್ತು. ಹೊಟ್ಟೆ ಕೊಯ್ದು ಒಂದು ಬುಟ್ಟಿ ಪ್ಲಾಸ್ಟಿಕ್ ತೆಗೆದೆ. ಆರನೇ ದಿನ ಹೊಲಿಗೆ ಬಿಚ್ಚಿಕೊಂಡು ಕೀವು ಸುರಿಯಿತು. ಇಂಜೆಕ್ಷನ್, ಪುಡಿ, ಮುಲಾಮು ಯಾವುದೂ ಹಿಡಿಯಲಿಲ್ಲ.

"ತೊಳೆದು ಜೇನುತುಪ್ಪ ಹಾಕಿ ಕಟ್ಟಿ ಸಾರ್," ಎಂದ ಓಬಯ್ಯ, ಎಲ್ಲರೆದುರು.

"ನಿನ್ನ ಕೆಲಸ ನೋಡ್ಕೊಳಯ್ಯ," ಎಂದೆ.

ಅವನು ನನ್ನ ಬೆನ್ನ ಹಿಂದೆ ಈಶ್ವರಮ್ಮನಿಗೆ ಜೇನು ತರಲು ಹೇಳಿದ. ಮರುದಿನ ಸೋಮವಾರ. ಆಕೆ ಮಡಿಯುಟ್ಟು, ಶಿವನಿಗೆ ಪಂಚಾಮೃತದ ಅಭಿಷೇಕ ಮಾಡಿಸಿ, ಲಿಂಗದ ಮೇಲಿಂದ ಇಳಿದ ಜೇನನ್ನೇ ತಂಬಿಗೆಯಲ್ಲಿ ಹಿಡಿದು ತಂದರು. ಬರಿಯ ಜೇನಿಗಿಂತ ಇದರ ಶಕ್ತಿ ದೊಡ್ಡದು ಎಂಬುದು ಅವರ ನಂಬಿಕೆ. ಓಬಯ್ಯ ಬೆರಳು ಅದ್ದಿ ನೋಡಿ, ತಂಬಿಗೆಯನ್ನು ಬೇವಿನ ಮರದ ಬುಡಕ್ಕೆ ಬಗ್ಗಿಸಿಬಿಟ್ಟ.

"ಹಾಲು ಮೊಸರು ಬೆರ್ತಿದೆ ಇದ್ರಲ್ಲಿ. ಗಾಯಕ್ಕೆ ಹಾಕಿದ್ರೆ ಹುಳ ಬೀಳ್ತವೆ. ಹಸು ಸಾಯ್ಸೋಕೆ ತಂದ್ಯೇನಮ್ಮ?"

"ಶಿವನ ಪ್ರಸಾದ ಕಣೋ ಅದು. ನಿನ್ ಕೈ ಬಿದ್ದೋಗ್ಲಿ."

ಆಕೆ ಅಳುತ್ತಾ ನನ್ನ ಕೋಣೆಗೆ ಬಂದರು. ನನಗೆ ಒಳಗೊಳಗೇ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆಕೆಯ ದೂರನ್ನು ನಾನೇ ಬರೆದು, ಸಹಿ ಹಾಕಿಸಿ, ಶಿವಮೊಗ್ಗದ ಮೇಲಧಿಕಾರಿಗೆ ಕಳಿಸಿದೆ.

ಓಬಯ್ಯ ತನ್ನ ಮನೆಯಿಂದ ಒಂದು ಬಾಟಲಿ ಜೇನು ತಂದ. ದಿನಕ್ಕೆರಡು ಸಲ ಉಪ್ಪುನೀರಿನಲ್ಲಿ ಗಾಯ ತೊಳೆದು, ಜೇನಿನಲ್ಲಿ ನೆನೆಸಿದ ಬಟ್ಟೆ ಇಟ್ಟು ಕಟ್ಟಿದ. ನಾನು ತಡೆಯಲಿಲ್ಲ, ನನ್ನ ಬಳಿ ಬೇರೇನೂ ಉಳಿದಿರಲಿಲ್ಲ. ನಾಲ್ಕು ದಿನಕ್ಕೆ ಕೀವು ನಿಂತಿತು. ಹತ್ತನೇ ದಿನ ಗಾಯದ ತಳದಲ್ಲಿ ಕೆಂಪು ಮಾಂಸ ಕೂಡಿಕೊಳ್ಳುತ್ತಿತ್ತು. ಅದೇ ದಿನ ಅವನ ವರ್ಗಾವಣೆಯ ಆದೇಶ ಬಂತು.

ಜೊತೆಗೆ ದೂರಿನ ಪ್ರತಿಯೂ ಇತ್ತು. ಅಕ್ಷರ ನನ್ನದೆಂದು ಅವನಿಗೆ ತಿಳಿಯಿತು. ಉಳಿದ ಜೇನನ್ನು ತಂದು ನನ್ನ ಮೇಜಿನ ಮೇಲೆ ಕುಕ್ಕಿದ.

"ಇನ್ನೂ ಎಂಟು ದಿನಕ್ಕೆ ಸಾಕಾಗ್ತದೆ. ಬಟ್ಟೆ ಕುದಿಸಿ ಕಟ್ಟಿ. ನಿಮ್ ಮುಖ ನೋಡಿ ಕೊಡ್ತಿಲ್ಲ, ಹಸು ಮುಖ ನೋಡಿ ಕೊಡ್ತಿದೀನಿ."

ಈಶ್ವರಮ್ಮ ಅಲ್ಲೇ ನಿಂತಿದ್ದರು. ಅವನು ಹೊರಟಾಗ ಮುಖ ತಿರುಗಿಸಿಕೊಂಡರು. ಪ್ರಸಾದವನ್ನು ಮಣ್ಣಿಗೆ ಸುರಿದ ಪಾಪ ಅವನಿಗೆ ತಟ್ಟಿತು ಎಂದರು. ಹಸುವನ್ನು ಉಳಿಸಿಕೊಟ್ಟಿರಿ ಎಂದು ನನಗೆ ಕೈ ಮುಗಿದರು. ನಾನು ಆ ನಮಸ್ಕಾರವನ್ನು ತೆಗೆದುಕೊಂಡೆ.