ಹಂಚಿನ ಚಾಳಿನ ಅಕ್ಕ

ಪಾರೀಸನಿಗೆ ಒಬ್ಬ ಅಕ್ಕ ಇದ್ದಳು ಎಂಬುದನ್ನು ಪಾರೀಸನನ್ನು ಬಿಟ್ಟು ಯಾರೂ ನಂಬುತ್ತಿರಲಿಲ್ಲ. ನಾನಂತೂ ನಂಬಿರಲೇ ಇಲ್ಲ. ಬೆಳಗಾವಿಯ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ನಮ್ಮಿಬ್ಬರ ಲೇಥ್ ಯಂತ್ರಗಳು ಅಕ್ಕಪಕ್ಕ. ದಿನಾ ಅವನ ಅಕ್ಕನ ಪುರಾಣ ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಬುತ್ತಿ ಬಿಚ್ಚಿದರೆ ಅಕ್ಕ, ಚಹಾ ಕುಡಿದರೆ ಅಕ್ಕ.

"ಅಕ್ಕ ಸಿಗೂತನಕ ಲಗ್ನ ಆಗೂದಿಲ್ಲಂತ ಹರಕಿ ಹೊತ್ತೀ ಏನಲೇ?" ಎಂದು ರೇಗಿಸುತ್ತಿದ್ದೆ.

"ಹಂಗಽ ತಿಳ್ಕೊ ಬಾಳಪ್ಪಾ," ಎನ್ನುತ್ತಿದ್ದ. ಅವನಿಗೆ ನಲವತ್ತು ದಾಟಿದ ಮೇಲೆ ಅದು ಚೇಷ್ಟೆಯ ಮಾತಾಗಿ ಉಳಿಯಲಿಲ್ಲ. ನಾನೂ ಕೇಳುವುದನ್ನು ಬಿಟ್ಟೆ.

ಅವನು ಹುಟ್ಟಿದ್ದು ಖಾನಾಪುರದಲ್ಲಿ, ಹಂಚಿನ ಕಾರ್ಖಾನೆಯ ಕೂಲಿಕಾರರಿದ್ದ ಸಾಲುಮನೆಗಳ ಚಾಳಿನಲ್ಲಿ. ಒಂದು ಮಳೆಗಾಲ ಜ್ವರ ಬಂದು ಅವ್ವ ಅಪ್ಪ ಇಬ್ಬರೂ ತೀರಿಕೊಂಡರು. ನಾಲ್ಕೈದು ವರ್ಷದ ಹುಡುಗನನ್ನು ದೊಡ್ಡಪ್ಪ ಬೆಳಗಾವಿಗೆ ತಂದು ಸಾಕಿದ. ಚಾಳಿನಿಂದ ಪಾರೀಸ ತಂದ ನೆನಪು ಒಂದೇ. ಹಸಿಮಣ್ಣಿನ ವಾಸನೆಯ ಪರಕಾರ ಉಟ್ಟ ಒಬ್ಬ ಹುಡುಗಿ ದಿನವಿಡೀ ಅವನನ್ನು ಬಗಲಲ್ಲಿ ಹೊತ್ತು ತಿರುಗುತ್ತಿದ್ದಳು. ಅವಳನ್ನು ಅಕ್ಕಾ ಎಂದು ಕರೆದದ್ದೂ ನೆನಪಿತ್ತು. ಕೇಳಿದರೆ ದೊಡ್ಡಪ್ಪ, "ನೀ ಒಬ್ಬಂವನಽ ಹುಟ್ಟೀದಿ, ಅಕ್ಕ ಎಲ್ಲಿಂದ ಬರಬೇಕು?" ಎಂದು ಗದರುತ್ತಿದ್ದ. ಎರಡು ಹೊಟ್ಟೆ ತುಂಬಿಸುವುದಾಗದೆ ಈ ಮುದುಕ ಗಂಡುಹುಡುಗನನ್ನಷ್ಟೇ ತಂದು ಹೆಣ್ಣುಮಗಳನ್ನು ಅಲ್ಲೇ ಬಿಟ್ಟು ಬಂದಿದ್ದಾನೆ ಎಂಬುದು ಪಾರೀಸನ ಗುಮಾನಿ. ಅನ್ನ ಹಾಕಿದವನ ಮೇಲೇ ಅಂಥ ಗುಮಾನಿ ಇಟ್ಟುಕೊಂಡು ಬೆಳೆದ. ದೊಡ್ಡಪ್ಪ ಸತ್ತ ಮೇಲೆ ಶಿವಬಸವ ನಗರದಲ್ಲಿ ಎರಡು ಖೋಲಿಯ ಬಾಡಿಗೆ ಮನೆ ಹಿಡಿದ. ಒಬ್ಬನಿಗೆ ಎರಡು ಖೋಲಿ ಯಾಕಪ್ಪಾ ಎಂದರೆ, "ಅಕ್ಕ ಬಂದ್ರ ಎಲ್ಲಿರಬೇಕು?" ಎಂದ.

ರಜೆ ಸಿಕ್ಕಾಗಲೆಲ್ಲ ಖಾನಾಪುರಕ್ಕೆ ಹೋಗುತ್ತಿದ್ದ. ಕಾರ್ಖಾನೆ ಮುಚ್ಚಿ ಯಾವ ಕಾಲವಾಗಿತ್ತೋ, ಚಾಳಿದ್ದ ಜಾಗದಲ್ಲಿ ಈಗ ಕಟ್ಟಿಗೆ ಅಡ್ಡಾ. ಒಮ್ಮೆ ನನ್ನನ್ನೂ ಎಳೆದುಕೊಂಡು ಹೋದ. ಸಾಗವಾನಿ ದಿಮ್ಮಿಗಳ ನಡುವೆ ನಿಂತು, "ಇಲ್ಲೆ ನಮ್ಮ ಮನಿ ಇತ್ತು ಅನಸ್ತದ," ಎಂದ. ಸ್ವಲ್ಪ ಸರಿದು, "ಇಲ್ಲಾ, ಇಲ್ಲೆ," ಎಂದ. ಅಡ್ಡಾದ ಕಾವಲುಗಾರ ಮರಾಠಿಯಲ್ಲಿ ಬೈದು ಓಡಿಸಿದ. ಅಂಗಡಿ, ಹೋಟೆಲು ಎಲ್ಲಿ ಕೇಳಿದರೂ ಚಾಳಿನವರು ಹೊಟ್ಟೆಪಾಡಿಗೆ ದಿಕ್ಕಾಪಾಲಾಗಿ ಹೋದರು ಎಂಬುದೇ ಉತ್ತರ. ಅಪ್ಪನ ಹೆಸರು ಪಾಯಪ್ಪ ಎಂದರೆ ಯಾವ ಪಾಯಪ್ಪ ಎಂದು ಅವರೇ ತಿರುಗಿ ಕೇಳುತ್ತಿದ್ದರು.

ಎಂಬತ್ತೆರಡನೇ ಇಸವಿಯಲ್ಲಿ ಒಬ್ಬ ಹೋಟೆಲಿನವನು ಲಕ್ಷ್ಮಪ್ಪ ಎಂಬ ಮುದುಕನ ಮನೆ ತೋರಿಸಿದ. ಅವತ್ತೂ ನಾನು ಜೊತೆಗಿದ್ದೆ. ಲಕ್ಷ್ಮಪ್ಪ ಹಂಚು ಸುಡುವ ಭಟ್ಟಿಗೆ ಬೆಂಕಿ ಹಾಕುತ್ತಿದ್ದವನು. ಈಗ ಕಣ್ಣು ಮಂಜಾಗಿತ್ತು. ಪಾಯಪ್ಪ ಎಂದರೆ ಅವನಿಗೂ ನೆನಪಾಗಲಿಲ್ಲ. ತಾವು ಜೈನರು ಎಂದು ಪಾರೀಸ ಹೇಳಿದ್ದೇ ತಡ, ಮುದುಕ ತೊಡೆ ತಟ್ಟಿಕೊಂಡ.

"ಹೊತ್ತ ಮುಳಗೂದ್ರಾಗ ಉಣ್ಣಾವ್ರ ಮನಿ! ಚಾಳಿನ್ಯಾಗ ಅದೊಂದಽ ಇತ್ತು. ನಾವು ಒಲಿ ಹಚ್ಚೂದ್ರಾಗ ನಿಮ್ಮವ್ವ ಗಂಗಾಳ ತೊಳದ ಇಟ್ಟಿರತಿದ್ಳು."

"ನನ್ನ ಎತ್ಕೊಂಡ ತಿರಗತಿದ್ದ ಹುಡಗಿ ಒಬ್ಬಾಕಿ ಇದ್ಳಲ್ರೀ?"

"ಕಾಂತಾ ಏನು? ಇದ್ದಾಳಲ್ಲಪಾ. ಬೀಡಿ ಊರಿಗೆ ಕೊಟ್ಟಾರ ಆಕಿನ್ನ."

ಕಾಂತಾ ಎಂಬ ಹೆಸರು ಜೈನರಲ್ಲೂ ಉಂಟು, ನಮ್ಮ ಲಿಂಗಾಯತರಲ್ಲೂ ಉಂಟು. ಯಾರ ಮಗಳು ಎಂದು ನಾನು ಕೇಳುವಷ್ಟರಲ್ಲಿ ಪಾರೀಸ ಚಪ್ಪಲಿ ಮೆಟ್ಟಿಯಾಗಿತ್ತು.

ಬೀಡಿಯ ಬಸ್ಸಿನಲ್ಲಿ ಅವನ ಮುಖ ನೋಡಬೇಕಿತ್ತು! ಕಂಡಕ್ಟರ್ ಬೈದರೂ ನಗು. "ಗಂಡನ ಮನ್ಯಾವ್ರು ಈಗ ಕಳಿಸದಿದ್ರ ಹಬ್ಬಕ್ಕರ ಕರಕೊಂಡ ಬರ್ತೀನಿ. ತವರಮನಿ ಅಂತ ಒಂದ ಬೇಕಲ್ಲ ಆಕಿಗೆ," ಎಂದ. ನನಗೂ ಅಂದು ಎಂಥದೋ ಆಸೆ ಹುಟ್ಟಿತು. ಇರಲಿ, ಈ ಬಡ್ಡಿಮಗನಿಗೊಬ್ಬ ಅಕ್ಕ ಇರಲಿ ಎಂದುಕೊಂಡೆ.

ಕಾಂತವ್ವ ಅಂಗಳದಲ್ಲಿ ಭತ್ತ ಹರವುತ್ತಿದ್ದಳು. ನಮ್ಮನ್ನು ಕಂಡು ಎದ್ದು ನಿಂತಾಗ ಅವಳ ಕೊರಳಲ್ಲಿ ಲಿಂಗದ ಕರಡಿಗೆ ಕಂಡಿತು, ನನ್ನ ಕೊರಳಲ್ಲಿರುವಂಥದೇ. ಇವಳು ನಮ್ಮವಳು, ಜೈನರ ಮಗಳಲ್ಲ. ಪಾರೀಸನೂ ನೋಡಿದ. "ಸಾಕಿದಾವ್ರು ಕಟ್ಟಿರಬೇಕು," ಎಂದು ನನ್ನ ಕಿವಿಯಲ್ಲಿ ಹೇಳಿದ. ಅಯ್ಯೋ ಹುಚ್ಚಪ್ಪಾ!

"ಬರ್ರಿ, ಕುಂದರ್ರಿ," ಎಂದು ಅವಳು ನೀರು ಬೆಲ್ಲ ತಂದಿಟ್ಟಳು. ಪಾರೀಸ ಅದನ್ನು ಮುಟ್ಟದೆ ಚಾಳಿನ ಸುದ್ದಿ ತೆಗೆದು, "ನನ್ನ ಎತ್ಕೊಂಡ ಆಡಸ್ತಿದ್ದಾಕಿ ನೀವಽ ಏನ್ರೀ?" ಎಂದ.

ಅವಳು ಬಾಯಿ ತುಂಬ ನಕ್ಕಳು. "ಯಾರನ್ನ ಎತ್ತಿಲ್ಲ ಕೇಳ್ರಿ! ಗಂಡಸ್ರು ಹೆಂಗಸ್ರು ಎಲ್ಲಾರೂ ಮಣ್ಣಿನ ಕೆಲಸಕ್ಕ ಹೋಗತಿದ್ರು. ನಮ್ಮಪ್ಪ ಗುರುಪಾದಪ್ಪ ಅಲ್ಲಿ ಕೂಲಿಯಾವ್ರ ಮ್ಯಾಲ ಮುಕಾದಮ ಇದ್ದ. ಕೂಸುಗಳ್ನ ನೀ ನೋಡ್ಕೊ ಅಂತ ನನಗ ಹಚ್ಚಿದ್ದ. ಚಾಳಿನ ಕೂಸೆಲ್ಲಾ ನನ್ನ ಬಗಲಾಗನಽ ಬೆಳದಾವು. ಎಲ್ಲಾವೂ ಅಕ್ಕಾ ಅಕ್ಕಾ ಅಂತಿದ್ವು."

ಪಾರೀಸ ಮುಂದಕ್ಕೆ ಸರಿದು, "ನನ್ನ ನೆನಪೈತೇನ್ರೀ? ಜೈನರ ಪಾಯಪ್ಪನ ಮಗ," ಎಂದ.

ಅವಳು ಅವನ ಮುಖವನ್ನು ದಿಟ್ಟಿಸಿ ನೋಡಿದಳು. ಒಂದು ಸುಳ್ಳು ಹೇಳೇ ತಾಯಿ, ನಿನ್ನದೇನು ಗಂಟು ಹೋಗುತ್ತದೆ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ಇಲ್ಲೋ ಯಪ್ಪಾ. ಅಷ್ಟ ಕೂಸಿನ್ಯಾಗ ಯಾವದಂತ ನೆನಪಿಡ್ಲಿ?"

ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವಳದೇನು ತಪ್ಪು? ಆಡುವ ವಯಸ್ಸಿನ ಹುಡುಗಿಯ ಸೊಂಟದ ಮೇಲೆ ಇಡೀ ಚಾಳನ್ನೇ ಹೊರಿಸಿದ್ದರು.

ಪಾರೀಸ ಎದ್ದ. ಹೊರಡುವ ಮುಂಚೆ, "ಒಂದ ಸಲ ಬೆಳಗಾವಿಗೆ ನಮ್ಮ ಮನಿಗೆ ಬರ್ರಿ," ಎಂದ.

"ಕರದಿದ್ದಽ ಸಂತೋಷಪ್ಪಾ. ಆದ್ರ ಏನಂತ ಬರ್ಲಿ? ನಾ ನಿನಗ ಏನಾಗಬೇಕು?" ಎಂದಳು ಕಾಂತವ್ವ. ಕುಹಕವಿರಲಿಲ್ಲ, ಸಹಜವಾಗಿಯೇ ಕೇಳಿದಳು.

"ಏನೂ ಆಗಬೇಕಾಗಿಲ್ರಿ," ಎಂದು ಪಾರೀಸ ಕೈಮುಗಿದು ಹೊರಬಿದ್ದ.

ಬಸ್ಸಿಗೆ ಕಾಯುತ್ತ ರಸ್ತೆಯ ಪಕ್ಕ ಕುಕ್ಕರುಗಾಲಲ್ಲಿ ಕೂತವನು ಹೋಗಿ ಬರುವವರ ಎದುರಿಗೇ ಬಿಕ್ಕಿ ಬಿಕ್ಕಿ ಅತ್ತ. ನಾನು ಅವನ ಬೆನ್ನ ಮೇಲೆ ಕೈಯಿಟ್ಟೆ. ಬಹಳ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ಹೇಳಿದ:

"ಇಷ್ಟ ದಿನ ನನ್ನ ಅಕ್ಕ ಕಳದಿದ್ಳೋ ಬಾಳಪ್ಪಾ. ಇವತ್ತಿಂದ ಇಲ್ಲಽ ಇಲ್ಲ."