ಹಾಳೂರಿನ ನನ್ನ ಮನೆ

ಆ ದಿನಗಳಲ್ಲಿ ನನಗೂ ಗೆಳತಿ ರಶೀದಾಳಿಗೂ ಎರಡೆರಡು ಮನೆ. ಒಂದು ಕನಮಡಿ ಊರೊಳಗೆ, ಇನ್ನೊಂದು ನಮ್ಮ ಮಡ್ಡಿ ಹೊಲದಲ್ಲಿ. ಆ ಕಲ್ಲುದಿಬ್ಬದ ಮೇಲೆ ಯಾವ ಕಾಲಕ್ಕೋ ಖಾಲಿಯಾದ ಊರೊಂದಿತ್ತು. ಎಲ್ಲರೂ ಹಾಳೂರು ಅನ್ನುತ್ತಿದ್ದರು. ಉಳಿದದ್ದು ಮೊಣಕಾಲೆತ್ತರದ ಗೋಡೆಗಳು, ಒಂದು ಕಲ್ಲಿನ ಒರಳು, ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವು, ಮತ್ತೆ ಕೆದರಿದಲ್ಲೆಲ್ಲ ಬೂದಿಯಂಥ ಬಿಳಿಮಣ್ಣು.

ದೀಪಾವಳಿ ಸೂಟಿ ಬಂತೆಂದರೆ ನಮ್ಮ ಸಂಸಾರ ಅಲ್ಲೇ. ಗೋಡೆಯ ಒಂದು ಚೌಕ ನನ್ನದು, ಪಕ್ಕದ್ದು ರಶೀದಾಳದು. ಅವಳು ಗರಿಗರಿ ಕಟಕರೊಟ್ಟಿ ತರುತ್ತಿದ್ದಳು, ನಾನು ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು. ಆ ಒರಳಿನಲ್ಲೇ ಜಜ್ಜಿ ಕಣ್ಣು ಮೂಗು ಸೋರಿಸಿಕೊಂಡು ತಿನ್ನುತ್ತಿದ್ದೆವು.

"ನಮಗಿಂತ ಮೊದಲ ಇದರಾಗ ಯಾರ ಕುಟ್ಟಿದ್ರಬೇ?" ಅಂತ ಒಮ್ಮೆ ರಶೀದಾ ಕೇಳಿದಳು.

"ಅಕಿ ಹೆಸರ ಯಾರಿಗೆ ಗೊತ್ತು."

"ಹಂಗಾರ ನಾವ ಒಂದ ಇಡೂನು," ಅಂದಳು. ಗೌರವ್ವ ಅಂತ ಇಟ್ಟೆವು. ಅವತ್ತಿನಿಂದ ಗೌರವ್ವಗೂ ಒಂದು ತುಂಡು ರೊಟ್ಟಿ ತೆಗೆದಿಡುತ್ತಿದ್ದೆವು.

ಆ ಸೂಟಿಯಲ್ಲೇ ಇಂಥ ಹಾಳೂರುಗಳನ್ನು ನೋಡಿ ಬರೆದುಕೊಳ್ಳುವ ಸಾಲಿ ಸರ್ ಒಬ್ಬರು ವಿಜಯಪುರದಿಂದ ಬಂದರು, ಹೆಗಲಿಗೊಂದು ಚೀಲ, ಕೈಯಲ್ಲೊಂದು ಬರೆಯುವ ವಹಿ. ನಾನೇ ಹೆಮ್ಮೆಯಿಂದ ಹಗೇವು ತೋರಿಸಿದೆ. ಸರ್ ಮೊಣಕಾಲೂರಿ ಬಗ್ಗಿ ನೋಡಿದರು.

"ರಾಜರ ಬಗ್ಗೆ ಎಲ್ಲಾರೂ ಬರದಾರವ್ವ. ಒಕ್ಕಲುತನ ಮಾಡಿದವರು ಹೆಂಗಿದ್ರು ಅನ್ನೂದು ಇಂಥಲ್ಲೇ ತಿಳೀತದ. ಕಲ್ಲು ಸರಸಬ್ಯಾಡ್ರಿ. ಮುಂದಿನ ವಾರ ಬಂದು ಅಳತಿ ತಗೋತೇನಿ."

ಮನೆಗೆ ಓಡಿ ಅಪ್ಪನಿಗೆ ಹೇಳಿದೆ. ಉಣ್ಣುತ್ತಿದ್ದ ಕೈ ನಿಂತಿತು. "ಅಳತಿ ಅಂದನೇನು? ಸರ್ಕಾರದವರು ಬೇಲಿ ಹಾಕಿದ್ರ ಹೊಲಾ ಹೋತು."

ಮರುದಿನವೇ ಅಪ್ಪ ಕರೆಸಿದ ಟ್ರ್ಯಾಕ್ಟರ್ ಬಂತು. ಹಾಳೂರ ಮಣ್ಣು ಗೊಬ್ಬರದಷ್ಟೇ ಒಳ್ಳೆಯದು ಅಂತ ನಮ್ಮ ಕಡೆ ಎಲ್ಲರಿಗೂ ಗೊತ್ತು. ಊರ ಮಂದಿ ತಾವೇ ಅದನ್ನು ತಮ್ಮ ಹೊಲಗಳಿಗೆ ತುಂಬಿಕೊಂಡು ಹೋದರು. ಕಲ್ಲೆಲ್ಲ ಕಿತ್ತು ಹಗೇವಿನೊಳಗೆ ದೂಡಿದರು, ಒರಳೂ ಹೋಯಿತು. ರಶೀದಾ ತನ್ನ ಚೌಕದಲ್ಲೇ ನಿಂತಿದ್ದಳು. "ಸರೀಬೇ ಆಕಡೆ," ಅಂತ ಅಪ್ಪ ಗದರಿದ ಮೇಲೆ ಸರಿದಳು.

ಸರ್ ಹೇಳಿದಂತೆ ಬಂದರು, ಟೇಪು ಹಿಡಿದು. ಬಯಲು ನೋಡಿ ನನ್ನ ಕಡೆ ತಿರುಗಿದರು. "ಎಲ್ಲಿ ಅದವ್ವ ನೀ ತೋರಿಸಿದ್ದು?" ಅಪ್ಪನ ಕೈ ನನ್ನ ಭುಜದ ಮೇಲಿತ್ತು.

"ಇಲ್ಲೇನೂ ಇದ್ದಿಲ್ಲರಿ," ಅಂದೆ.

ಸರ್ ವಹಿ ಮುಚ್ಚಿಕೊಂಡು ಹೋದರು. ಪಕ್ಕದಲ್ಲೇ ನಿಂತಿದ್ದ ರಶೀದಾ, "ಗೌರವ್ವನೂ ಇದ್ದಿಲ್ಲೇನು?" ಅಂದಳು. ಆಮೇಲೆ ನನ್ನ ಜೊತೆ ಆಡಲು ಬರಲೇ ಇಲ್ಲ.

ಅಪ್ಪ ಅಂಜಿದ ಸರ್ಕಾರ ಇವತ್ತಿನವರೆಗೂ ಬಂದಿಲ್ಲ. ಬಂದದ್ದು ಮಳೆ. ಇಳಿಜಾರಿನ ಮಣ್ಣನ್ನು ತಡೆದು ನಿಲ್ಲಿಸಿದ್ದು ಆ ಗೋಡೆಗಳೇ ಅಂತ ನಮಗೆ ತಿಳಿದದ್ದು ಆಗ. ಎರಡು ಮಳೆಗಾಲಕ್ಕೆ ಬರೀ ಗರಸುಕಲ್ಲು ಎದ್ದಿತು. ಜೋಳ ಗೇಣುದ್ದ ಬೆಳೆದು ನಿಂತುಬಿಡುತ್ತಿತ್ತು. ಇದನ್ನು ನೆನೆದರೆ ಅಪ್ಪನ ಮೇಲೆ ಸಿಟ್ಟು ಬರುತ್ತದೆ, ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಈಗ ನಾನಿರುವುದು ವಿಜಯಪುರದ ಜೋರಾಪುರ ಪೇಟೆಯಲ್ಲಿ. ಮೊನ್ನೆ ಮಗಳನ್ನು ಮಡ್ಡಿಗೆ ಕರೆದುಕೊಂಡು ಹೋಗಿದ್ದೆ.

"ಯವ್ವಾ, ನಿನ್ನ ಮನಿ ಎಲ್ಲಿತ್ತು?"

ಬಿಸಿಲಲ್ಲಿ ಬಹಳ ಹೊತ್ತು ಹುಡುಕಿದೆ. ಒಡೆದ ಮಡಕೆಯ ಒಂದು ಬೋಕಿಚೂರೂ ಸಿಗಲಿಲ್ಲ.

"ಇಲ್ಲೇನೂ ಇಲ್ಲವ್ವ," ಅಂದೆ. ಈ ಸಲ ಸುಳ್ಳು ಹೇಳಲಿಲ್ಲ.